ಗುರುವಾರದ ಹತ್ತು ಮಂದಿ

ಆ ಬೇಸಿಗೆಯಲ್ಲಿ ಮುಂಬಯಿಯಿಂದ ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ಹಾಗಾಗಿ ಅದನ್ನು ಓದುವ ಕೆಲಸ ನನಗೆ ಬಂತು. ಓದಿದವಳೇ ಉತ್ತರ ಬರೆಯಬೇಕಾಯಿತು, ಉತ್ತರದಲ್ಲಿ ಒಪ್ಪಿಕೊಂಡದ್ದನ್ನು ನಡೆಸಿಕೊಡುವುದೂ ಅವಳ ತಲೆಗೇ ಬಂತು. ಹೀಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ರಾಯಚೂರಿನ ಯೆಹೂದಿ ಸಭೆಗೆ ಆನರರಿ ಸೆಕ್ರೆಟರಿ ಆದೆ. ನನ್ನನ್ನು ಯಾರೂ ಎಲೆಕ್ಟ್ ಮಾಡಲಿಲ್ಲ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿ ತೀಡಿದ ಹ್ಯಾಂಡ್‌ರೈಟಿಂಗ್ ಒಂದೇ ನನ್ನ ಕ್ವಾಲಿಫಿಕೇಶನ್.

ಸಭೆ ಎಂದರೆ ದೊಡ್ಡದೇನೂ ಅಲ್ಲ. ಕೊಂಕಣದ ಕಡಲಂಚಿನ ನಮ್ಮ ಜನ ರೈಲ್ವೆ ನೌಕರಿಯ ಬೆನ್ನು ಹತ್ತಿ ಇಲ್ಲಿಗೆ ಬಂದವರು. ಮನೆಯಲ್ಲಿ ಮರಾಠಿ, ಹೊರಗೆ ಎಲ್ಲರಂತೆ ಕನ್ನಡ, ಉರ್ದು. ಮನೆಯ ಮಾತನ್ನೂ ಇಲ್ಲಿ ನಮ್ಮೂರ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸ್ಟೇಷನ್ ಹತ್ತಿರದ ನಮ್ಮ ಮನೆಯ ನಡುಕೋಣೆಯೇ ಪ್ರಾರ್ಥನೆಯ ಜಾಗ. ಪಡುವಣ ಗೋಡೆಗೆ ಒಂದು ಬೀರು, ಅದರೊಳಗೆ ತೋರಾದ ಸುರುಳಿ. ಮೋಶೆಯ ಐದು ಪುಸ್ತಕಗಳನ್ನು ಚರ್ಮದ ಮೇಲೆ ಕೈಯಿಂದ ಬರೆದು, ಎರಡು ಮರದ ಕೋಲುಗಳಿಗೆ ಸುತ್ತಿಟ್ಟದ್ದು. ಗಾರ್ಡ್ ಕೆಲಸದಿಂದ ರಿಟೈರ್ ಆಗಿದ್ದ ನನ್ನ ತಂದೆ, ನಮ್ಮ ಬಾಬಾ, ಅದನ್ನು ಓದುತ್ತಿದ್ದರು. ಆದರೆ ಅದು ನಮ್ಮದಲ್ಲ. ಮುಂಬಯಿಯ ಒಂದು ಸಭೆ ಹಿಂದೆ ಯಾವಾಗಲೋ ನಮಗೆ ಓದಲು ಕೊಟ್ಟದ್ದು.

ಕಾಗದದಲ್ಲಿ ಇದ್ದದ್ದು ಇಷ್ಟೇ: ಸುರುಳಿಯನ್ನು ಹತ್ತು ಗಂಡಸರು ಕೂಡಿದಾಗ ಮಾತ್ರ ಬಿಚ್ಚಿ ಓದಬಹುದು, ಕಳೆದ ಮಳೆಗಾಲದ ಕೊನೆಯ ಉಪವಾಸದ ಹಬ್ಬದ ನಂತರ ನಿಮ್ಮಲ್ಲಿ ಹತ್ತು ಮಂದಿ ಕೂಡಿಲ್ಲವೆಂದು ತಿಳಿದುಬಂದಿದೆ, ಓದದೆ ಮುಚ್ಚಿಡಲು ನಾವು ಕೊಟ್ಟದ್ದಲ್ಲ, ಮಳೆಗಾಲದಲ್ಲಿ ನಮ್ಮ ಹಿರಿಯರೊಬ್ಬರು ಬಂದು ನೋಡುತ್ತಾರೆ, ಓದು ನಡೆಯುತ್ತಿಲ್ಲವಾದರೆ ಸುರುಳಿಯನ್ನು ತಮ್ಮ ಜೊತೆ ಒಯ್ಯುತ್ತಾರೆ.

ನಾನು ಓದಿ ಹೇಳಿದಾಗ ಬಾಬಾ ತಮ್ಮ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು.

“ಸುಳ್ಳೇನೂ ಬರದಿಲ್ಲ,” ಎಂದರು. “ಒಯ್ಯಲಿ ಬಿಡು.”

ಹಾಗೆಂದವರು ಆ ಸಂಜೆ ಊಟಕ್ಕೆ ಏಳಲಿಲ್ಲ. ಮೂವತ್ತು ವರ್ಷ ಗಾಡಿಗೆ ಹಸಿರು ಬಾವುಟ ತೋರಿಸಿದ ಮನುಷ್ಯನಿಗೆ ರಿಟೈರ್ ಆದ ಮೇಲೆ ಉಳಿದಿದ್ದ ಕೆಲಸ ಅದೊಂದೇ.

ಮರುದಿನ ಬುಕಿಂಗ್ ಆಫೀಸಿನಲ್ಲಿ, ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ, ನಾನು ಒಂದು ಕಾಗದದ ಮೇಲೆ ನಮ್ಮ ಗಂಡಸರನ್ನೆಲ್ಲ ಬರೆದೆ. ಯುದ್ಧದ ಕಾಲ, ಗಂಡಸರು ಸಾಲದೆ ರೈಲ್ವೆಯವರು ನನ್ನಂಥ ಹುಡುಗಿಯರನ್ನೂ ಟಿಕೆಟ್ ಕಿಟಕಿಗೆ ಕೂರಿಸಿದ್ದರು. ರಾಯಚೂರಿನಲ್ಲಿ ಆರು ಮಂದಿ: ಬಾಬಾ, ಮತ್ತೆ ರೈಲ್ವೆಯ ಐವರು. ದೇವದುರ್ಗದಲ್ಲಿ ಮೂವರು: ಸರ್ಕಾರಿ ದವಾಖಾನೆಯ ಕಾಂಪೌಂಡರ್, ಅವರ ತಮ್ಮ, ಅವರ ಭಾವಮೈದುನ. ಮಾನ್ವಿಯಲ್ಲಿ ಇಬ್ಬರು: ಅಬಕಾರಿ ಇಲಾಖೆಯವರೊಬ್ಬರು, ಸ್ಕೂಲ್ ಮಾಸ್ತರೊಬ್ಬರು. ಒಟ್ಟು ಹನ್ನೊಂದು. ಮೊದಲು ಇನ್ನೂ ಹೆಚ್ಚಿದ್ದರು. ಕೆಲವರಿಗೆ ವರ್ಗವಾಯಿತು, ಕೆಲವರು ಮುಂಬಯಿಯ ಕಾರ್ಖಾನೆಗಳಿಗೆ ಹೋದರು, ಇಬ್ಬರು ಇಲ್ಲೇ ಮಣ್ಣಾದರು.

ಹನ್ನೊಂದರಲ್ಲಿ ಹತ್ತು ಕೂಡಿಸುವುದು ಏನು ಕಷ್ಟ ಎನ್ನಬಹುದು. ಕಷ್ಟ ಇದ್ದದ್ದು ಶನಿವಾರದಲ್ಲಿ. ವಾರದ ಓದು ನಡೆಯುವುದು ನಮ್ಮ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ; ಅದು ಶುಕ್ರವಾರ ಹೊತ್ತು ಮುಳುಗಿದಾಗ ಶುರು, ಶನಿವಾರ ನಕ್ಷತ್ರ ಕಾಣುವವರೆಗೆ. ಅಷ್ಟರಲ್ಲಿ ವಾಹನ ಹತ್ತುವಂತಿಲ್ಲ. ನಿಜಾಮ್ ಸರ್ಕಾರದ ಕಚೇರಿಗಳಿಗೆ ಶುಕ್ರವಾರ ರಜೆ, ರೈಲ್ವೆಯ ಕಚೇರಿಗೆ ಭಾನುವಾರ. ಶನಿವಾರ ಯಾರಿಗೂ ರಜೆಯಲ್ಲ. ದೇವದುರ್ಗದವರು ಶನಿವಾರದ ಪ್ರಾರ್ಥನೆಗೆ ಬರಬೇಕೆಂದರೆ ಶುಕ್ರವಾರ ಬಂದು, ಶನಿವಾರ ಇಡೀ ಕೂತು, ಭಾನುವಾರದ ಬಸ್ಸಿಗೆ ಹೋಗಬೇಕು. ಎರಡು ದಿನದ ಲೀವ್ ಪ್ರತಿ ಸಲ ಯಾವ ಸಾಹೇಬ ಕೊಟ್ಟಾನು?

ಒಂದು ವಾರ ನಾನು ಆ ಕಾಗದವನ್ನು ಉಲ್ಟಾ ಸೀದಾ ಮಾಡಿ ನೋಡಿದೆ. ಆಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಬಾಬಾರನ್ನು ಕೇಳಿದೆ, “ಶನಿವಾರ ಬಿಟ್ಟು ಬ್ಯಾರೆ ದಿನ ಸುರುಳಿ ತೆಗಿಯೋದ ಇಲ್ಲೇನು?”

“ಯಾಕಿಲ್ಲ? ಸೋಮವಾರ ಬೆಳಗ, ಗುರುವಾರ ಬೆಳಗ ಓದತಾರ. ಬರೋ ಶನಿವಾರದ ಪಾಠದ ಮೊದಲಿನ ತುಣುಕು. ಹಿಂದ ನಮ್ಮ ಪೂರ್ವಜರ ದೇಶದಾಗ ಅವೆರಡೂ ಸಂತಿ ದಿನ. ಹಳ್ಳಿ ಮಂದಿ ಊರಿಗೆ ಬರ್ತಿದ್ರು, ಬಂದವ್ರು ಕೇಳಿಕೊಂಡು ಹೋಗಲಿ ಅಂತ ಹಿರಿಯರು ಮಾಡಿಟ್ಟದ್ದು.” ಅಷ್ಟು ಹೇಳಿ ಕಪ್ಪನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ಯಾಕ ಕೇಳಾಕತ್ತಿ?”

“ಗುರುವಾರ ಒಂದ ದಿನ ಲೀವ್ ಹಾಕಿದ್ರ ಶುಕ್ರವಾರದ ರಜಾ ಅದಕ್ಕ ಕೂಡ್ತದ. ಬೆಳಗಿನ ಬಸ್ಸಿಗೆ ಬಂದು, ಶುಕ್ರವಾರ ಮಧ್ಯಾಹ್ನ ಹೊಂಟ್ರ ಹೊತ್ತು ಮುಳುಗೋದ್ರಾಗ ಮನಿ.”

“ಶನಿವಾರ ಬಿಟ್ಟು ಗುರುವಾರ? ತುಣುಕು ತಿಂದು ಊಟ ಆತು ಅಂದಂಗ.”

“ಊಟನ ಇಲ್ಲದವ್ರಿಗೆ ತುಣುಕ ಊಟ, ಬಾಬಾ.”

ಅವರು ಕಪ್ಪನ್ನು ಮತ್ತೆ ಕೈಗೆತ್ತಿಕೊಂಡರು. ನನ್ನ ತಾಯಿ, ಆಯಿ, ಒಳಗಿನಿಂದ “ಹುಡುಗಿ ಹೇಳೋದು ಖರೇ ಅದ” ಎಂದಳು. ಎರಡು ದಿನ ಬಿಟ್ಟು ಬಾಬಾ ತಾವಾಗಿಯೇ ಬಂದು, ತಿಂಗಳಿಗೊಂದು ಗುರುವಾರ ಸಾಕೇ ಎಂದು ಕೇಳಿದರು. ಹಾಗೆ ಓದುತ್ತೇವೆಂದು ಅಂದೇ ಮುಂಬಯಿಗೆ ಉತ್ತರ ಬರೆದೆ. ಇಂದಿಗೂ ಅನ್ನಿಸುತ್ತದೆ, ಆ ತಿಂಗಳುಗಳಲ್ಲಿ ನಡೆದ ಮುಖ್ಯವಾದ ಕೆಲಸ ಅದೇ: ಒಬ್ಬ ಹಳೆಯ ಕಾಲದ ಮನುಷ್ಯ ತನ್ನ ಶನಿವಾರವನ್ನು ಬಿಟ್ಟುಕೊಟ್ಟದ್ದು. ಉಳಿದದ್ದೆಲ್ಲ ಓಡಾಟ.

ಓಡಾಟ ರೋಸ್ಟರ್ ಕ್ಲರ್ಕ್ ಮೇಜಿನಿಂದ ಶುರುವಾಯಿತು. ಯಾರು ಯಾವ ಗಾಡಿಗೆ ಎಂದು ಬರೆಯುವವರು ಅವರು. ಮಾನ್ವಿ ಕಡೆಯ ಆಚಾರ್ಯರ ಮನೆತನ, ಹಣೆಗೆ ಅಂಗಾರ ಅಕ್ಷತೆ ಇಲ್ಲದೆ ಆಫೀಸಿಗೆ ಬಂದವರಲ್ಲ. ನಮ್ಮ ಐವರಲ್ಲಿ ನಾಲ್ವರಾದರೂ ಆ ಗುರುವಾರ ಬೆಳಿಗ್ಗೆ ಊರಲ್ಲಿರಬೇಕು ಎಂದೆ.

“ಅಲ್ಲವ್ವಾ, ನಿಮ್ಮ ದೇವರಿಗೆ ಒಂಬತ್ತು ಮಂದಿ ಕೂಗಿದ್ರ ಕೇಳಸಂಗಿಲ್ಲೇನು?”

“ಕೇಳಸ್ತದ್ರಿ. ಸುರುಳಿ ಮಾತ್ರ ಬಿಚ್ಚಂಗಿಲ್ಲ.”

“ನಮ್ಮಲ್ಲೂ ಅದ ಇಂಥಾದ್ದು. ಅದು ಮುಟ್ಟಬಾರದು, ಇದು ಬಿಚ್ಚಬಾರದು.” ರಿಜಿಸ್ಟರ್ ತೆಗೆದು ಬೆರಳಿಟ್ಟರು. “ಯಾವ ವಾರ ಅಂದಿ?”

“ಗುರುವಾರ.”

ಅವರ ಬೆರಳು ನಿಂತಿತು. “ಗುರುವಾರ ಅಂದ್ರ ರಾಯರ ವಾರ. ಆ ದಿನ ದೇವರ ಕೆಲಸಕ್ಕ ಕೇಳಿದ್ರ ಇಲ್ಲ ಅನ್ನಾಕ ನನಗ ಬಾಯಿ ಬರಂಗಿಲ್ಲ. ಶನಿವಾರ ಕೇಳಿದ್ದಿ ಅಂದ್ರ ಸೀದಾ ಇಲ್ಲ ಅಂತಿದ್ದೆ, ನೋಡು.” ನಾಲ್ವರನ್ನು ಕೊಟ್ಟರು. ಅವರಲ್ಲಿ ಒಬ್ಬ ಗಾರ್ಡಿಗೆ ಮಾತ್ರ ಮಧ್ಯಾಹ್ನಕ್ಕೆ ಮೊದಲು ಗಾಡಿ ಇತ್ತು. ಹತ್ತೂವರೆಯವರೆಗೆ ಅವರು ನಿಮ್ಮವರು, ಆಮೇಲೆ ರೈಲ್ವೆಯವರು ಎಂದರು.

ನನ್ನ ರೆಸ್ಟ್ ಡೇ ಬಂದ ಬುಧವಾರ ದೇವದುರ್ಗಕ್ಕೆ ಹೋದೆ. ಪೆಟ್ರೋಲ್ ಇಲ್ಲದ ದಿನಗಳು, ಬಸ್ಸಿನ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿದ್ದರು. ಅದರ ಗ್ಯಾಸಿನಿಂದ ಇಂಜಿನ್ ಓಡಬೇಕು. ಆಯಿ ಕೈಯಲ್ಲಿ ಒಂದು ಡಬ್ಬಿ ಮಲೀದಾ ಕೊಟ್ಟಿದ್ದಳು: ಅವಲಕ್ಕಿ, ಬೆಲ್ಲ, ಕೊಬ್ಬರಿ, ಏಲಕ್ಕಿ. ಕೆಲಸ ಕೈಗೂಡಲಿ ಎಂದು ಹರಕೆ ಹೊತ್ತು ಮಾಡುವ ಪ್ರಸಾದ. ಗಬ್ಬೂರಿನಲ್ಲಿ ಬಸ್ಸು ನಿಂತು ಒಲೆ ಕೆದಕುವಾಗ ಡ್ರೈವರ್‌ಗೂ ಒಂದು ಹಿಡಿ ಕೊಟ್ಟೆ.

“ಯಾ ದರ್ಗಾದ್ದು ಬೇಟಿ, ಈ ಮಲೀದಾ?”

“ದರ್ಗಾದ್ದಲ್ರಿ ಚಾಚಾ. ಎಲೀಯಾ ಪ್ರವಾದಿದು. ನಿಮ್ಮವ್ರು ಇಲ್ಯಾಸ್ ಅಂತಾರಲ್ಲ, ಅವ್ರದು.”

“ಹೌದಾ? ನಮ್ಮ ಮನ್ಯಾಗ ರೊಟ್ಟಿ ಮುರದು ಮಾಡ್ತಾರ, ನೀವು ಅವಲಕ್ಕಿಲೆ ಮಾಡೀರಿ. ಇಲ್ಯಾಸ್ ಸಾಹೇಬ್ರಿಗೆ ಎರಡೂ ನಡೀತದ.” ಇನ್ನೊಂದು ಹಿಡಿ ತೆಗೆದುಕೊಂಡರು. ತಿಂಗಳಿಗೊಂದು ಗುರುವಾರ ನಮ್ಮ ಮೂವರನ್ನು ಬಿಟ್ಟು ಬರಬೇಡಿ ಎಂದು ಕೇಳಿದೆ. ತಲೆಯಾಡಿಸಿದರು.

ಕಾಂಪೌಂಡರ್ ಎರಡು ತಲೆಮಾರಿನಿಂದ ದೇವದುರ್ಗದವರು. ಮರಾಠಿ ಅರ್ಧ ಮರೆತಿದ್ದರು. ಮಿಕ್ಸ್‌ಚರ್ ಬಾಟಲಿಗೆ ಡೋಸಿನ ಪಟ್ಟಿ ಅಂಟಿಸುತ್ತಲೇ ನನ್ನ ಮಾತು ಕೇಳಿದರು. ನಾನು ಬೆರಳು ಮಡಚಿ “ನೀವು ಒಂದು, ನಿಮ್ಮ ತಮ್ಮ ಎರಡು” ಎನ್ನುತ್ತಿದ್ದಂತೆ ತಡೆದರು.

“ತಂಗೀ, ಕುರಿ ಎಣಿಸಿದಂಗ ಮನಷ್ಯಾರನ್ನ ಎಣಿಸಬಾರದು. ನಿನಗ ಕಾನ್ವೆಂಟಿನಾಗ ಇದನ್ನ ಕಲಿಸಿಲ್ಲ. ಹತ್ತು ಶಬ್ದದ ಒಂದು ಪ್ರಾರ್ಥನಾ ಅದ. ಒಬ್ಬೊಬ್ಬನ್ನ ನೋಡಿ ಒಂದೊಂದು ಶಬ್ದ ಅನಬೇಕು. ಕಡೀ ಶಬ್ದ ಬಂತು, ಮಂದಿ ತುಂಬಿತು.”

“ಶಬ್ದ ಉಳಿದು ಮಂದಿ ಮುಗಿದ್ರ?”

“ಆಗ ಎಣಿಸಿದವ್ರು ಸುಮ್ಮ ಕೂಡಬೇಕು,” ಎಂದು ನಕ್ಕರು. ಬರುತ್ತೇವೆ ಎಂದರು. ಮಾನ್ವಿಯ ಇಬ್ಬರೂ ಪೋಸ್ಟ್‌ಕಾರ್ಡಿನಲ್ಲಿ ಒಪ್ಪಿಗೆ ಬರೆದರು.

ಮೊದಲ ಗುರುವಾರ, ಮಳೆ ಆಗಷ್ಟೇ ಹಿಡಿದಿತ್ತು, ಹತ್ತು ಗಂಟೆಗೆ ಮೊದಲೇ ಎಲ್ಲರೂ ಬಂದಿದ್ದರು. ಒಬ್ಬ ರೈಲ್ವೆಯವರನ್ನು ಬಿಟ್ಟು ಸರಿಯಾಗಿ ಹತ್ತು. ನಾನು ಹೆಂಗಸರ ಜೊತೆ ಪರದೆಯ ಹಿಂದೆ ನಿಂತು ಕಾಂಪೌಂಡರ್ ಕಲಿಸಿದ ಶಬ್ದಗಳನ್ನು ಒಂದೊಂದಾಗಿ ಅಂದುಕೊಂಡೆ. ಕೊನೆಯ ಶಬ್ದ ಬಾಬಾರ ಮೇಲೆ ಬಂದು ನಿಂತಿತು. ಅಷ್ಟು ಸಂತೋಷ ನನಗೆ ಕೇಂಬ್ರಿಜ್ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಬಾಬಾ ಬೀರು ತೆರೆದು, ಸುರುಳಿ ಇಳಿಸಿ, ಮೇಜಿನ ಮೇಲೆ ಬಿಚ್ಚಿದರು. ಅಲ್ಲಿದ್ದದ್ದು ಆ ವಾರದ ಪಾಠವಲ್ಲ.

ಸುರುಳಿ ಪುಸ್ತಕದ ಹಾಗಲ್ಲ. ಪುಟ ತಿರುವಿ ಬೇಕಾದ ಕಡೆ ಹೋಗಲು ಬರುವುದಿಲ್ಲ. ಎಲ್ಲಿ ಓದಿ ನಿಲ್ಲಿಸಿದ್ದೆವೋ ಅಲ್ಲೇ ನಿಂತಿರುತ್ತದೆ. ಕೊನೆಯ ಸಲ ಓದಿದ್ದು ಉಪವಾಸದ ಹಬ್ಬದಲ್ಲಿ, ಮೂರನೆಯ ಪುಸ್ತಕದ ನಡುಮಧ್ಯೆ. ಈ ವಾರದ ಪಾಠ ನಾಲ್ಕನೆಯ ಪುಸ್ತಕದಲ್ಲಿ, ಬಹಳ ಮುಂದೆ. ವಾರವಾರ ಓದುವ ಊರಲ್ಲಿ ಸುರುಳಿ ತಾನಾಗಿ ವಾರವಾರ ಮುಂದೆ ಸಾಗುತ್ತದೆ, ಈ ಯೋಚನೆಯೇ ಯಾರಿಗೂ ಬರುವುದಿಲ್ಲ. ನಮಗೂ ಬಂದಿರಲಿಲ್ಲ. ಹನ್ನೊಂದು ಮಂದಿಯ ಲೀವು, ಬಸ್ಸು, ಗಾಡಿ ಎಲ್ಲ ಲೆಕ್ಕ ಹಾಕಿದ ನಾನು ಸುರುಳಿಯೊಂದನ್ನು ಮರೆತಿದ್ದೆ.

ಸುತ್ತತೊಡಗಿದರು. ಒಬ್ಬರು ಒಂದು ಕೋಲಿನಿಂದ ಬಿಚ್ಚುವುದು, ಇನ್ನೊಬ್ಬರು ಇನ್ನೊಂದಕ್ಕೆ ಸುತ್ತುವುದು. ಬರಿಗೈ ಚರ್ಮಕ್ಕೆ ತಾಗಬಾರದು. ಮಳೆಯ ತೇವಕ್ಕೆ ಚರ್ಮ ಒಂದಕ್ಕೊಂದು ಹಿಡಿದುಕೊಂಡಿತ್ತು. ಅವಸರ ಮಾಡಿದರೆ ಹೊಲಿಗೆ ಬಿಡುತ್ತದೆ. ಅದರಲ್ಲಿ ಅಧ್ಯಾಯ ಸಂಖ್ಯೆ ಇಲ್ಲ, ವಾಕ್ಯಕ್ಕೊಂದು ಚುಕ್ಕೆಯೂ ಇಲ್ಲ. ಅಂಕಣದ ಮೇಲೆ ಅಂಕಣ, ಎಲ್ಲ ಒಂದೇ ಥರ. ಬಾಬಾ ಪ್ರತಿ ಅಂಕಣಕ್ಕೂ ಬಗ್ಗಿ, ಗುರುತಿನ ಶಬ್ದ ಹುಡುಕಿ, ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಒಮ್ಮೆ ದಾಟಿಯೂ ಹೋದರು, ಮತ್ತೆ ಹಿಂದೆ ಸುತ್ತಬೇಕಾಯಿತು.

ಹತ್ತೂವರೆಗೆ ಗಾರ್ಡ್ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದರು. “ಕಾಕಾ, ನೀವೂ ಗಾರ್ಡ್ ಇದ್ರಿ. ಸಿಗ್ನಲ್ ಬಿದ್ದ ಮ್ಯಾಲೆ ನಾ ಏನು ಮಾಡ್ಲಿ, ಹೇಳ್ರಿ.”

“ಹೋಗು,” ಎಂದರು ಬಾಬಾ, ತಲೆ ಎತ್ತದೆ. “ಗಾಡಿ ನಿಲ್ಲಸಬಾರದು.”

ಅವರು ಹೋಗಿ ಸ್ವಲ್ಪ ಹೊತ್ತಿಗೆ ಪಾಠದ ಜಾಗ ಸಿಕ್ಕಿತು. ಒಂಬತ್ತು ಮಂದಿ ಅದನ್ನು ನೋಡಿದರು. ಯಾರೂ ಓದಲಿಲ್ಲ. ಬಾಬಾ ಮುಚ್ಚಿ ಒಳಗಿಟ್ಟರು. ಊಟಕ್ಕೆ ಕೂತಾಗ ಕಾಂಪೌಂಡರ್, “ಔಷಧ ಬಂತು, ರೋಗಿನೂ ಬಂದ, ಬಾಟಲಿ ಬೂಚ ತೆಗಿಯಾಕ ಬರಲಿಲ್ಲ” ಎಂದು ನಗಿಸಲು ನೋಡಿದರು. ಬಾಬಾ ನಗಲಿಲ್ಲ. ಅಡುಗೆಮನೆಯಲ್ಲಿ ನಾನು ಅತ್ತೆ, ಮುಚ್ಚಿಡುವುದೇಕೆ.

ಅಲ್ಲಿಂದ ಕೆಲಸದ ಕ್ರಮ ಬದಲಾಯಿತು. ಪ್ರತಿ ಓದಿನ ಹಿಂದಿನ ದಿನ, ಬುಧವಾರ ಬೆಳಿಗ್ಗೆ, ನಾನು ಮುದ್ರಿತ ಪುಸ್ತಕ ನೋಡಿ ಪಾಠದ ಮೊದಲ ಶಬ್ದಗಳನ್ನು ದೊಡ್ಡದಾಗಿ ಬರೆದುಕೊಡುತ್ತಿದ್ದೆ. ಓದಲು ಹತ್ತು ಮಂದಿ ಬೇಕು, ಬರೀ ಸುತ್ತಿಡಲು ಬೇಡ; ಬಾಬಾ ಮತ್ತು ಊರಲ್ಲಿರುವ ಒಬ್ಬರು ಕೂತು ಸುರುಳಿಯನ್ನು ಅಲ್ಲಿಗೆ ತಂದು, ಪಟ್ಟಿ ಕಟ್ಟಿ ಇಡುತ್ತಿದ್ದರು. ಬೀರಿನಲ್ಲಿ ತೇವ ಹಿಡಿಯದಂತೆ ಬಟ್ಟೆಯ ಗಂಟಿನಲ್ಲಿ ಕಾಳುಮೆಣಸು, ಕರ್ಪೂರ. ಪೋಸ್ಟ್‌ಕಾರ್ಡುಗಳನ್ನು ಎರಡು ವಾರ ಮೊದಲೇ ಹಾಕುವುದು, “ಪ್ಲೀಸ್ ಕನ್ಫರ್ಮ್” ಎಂದು ಕೆಳಗೆ ಗೆರೆ ಎಳೆಯುವುದು. ಆ ಗಾರ್ಡಿಗೆ ಮಧ್ಯಾಹ್ನದ ನಂತರದ ಗಾಡಿ ಬರುವಂತೆ ರೋಸ್ಟರ್ ಕ್ಲರ್ಕ್ ಬದಲಿಸಿಕೊಟ್ಟರು. ಎರಡನೆಯ ತಿಂಗಳು ಮಾನ್ವಿಯ ಮಾಸ್ತರರಿಗೆ ಜ್ವರ; ಆದರೂ ಆ ಸಲ ರೈಲ್ವೆಯ ಐವರೂ ಊರಲ್ಲಿದ್ದದ್ದರಿಂದ ಹತ್ತು ತುಂಬಿತು, ಓದು ಅರ್ಧ ಗಂಟೆಯಲ್ಲಿ ಮುಗಿಯಿತು. ಬಾಬಾ ಸುರುಳಿ ಓದುವ ಧ್ವನಿ ಕೇಳಿ ಹತ್ತು ತಿಂಗಳ ಹತ್ತಿರ ಬಂದಿತ್ತು. ಮೊದಲ ಸಾಲು ನಡುಗಿತು, ಆಮೇಲೆ ನೆಟ್ಟಗಾಯಿತು.

ಈಗ ರಾಯಚೂರಿನಲ್ಲಿ ನಮ್ಮವರು ಯಾರೂ ಇಲ್ಲ. ಆ ಮನೆಯೂ ಇಲ್ಲ. ಆದರೂ ಆ ಮಳೆಗಾಲ ನೆನೆದಾಗ ನನಗೆ ಕಡಿಮೆಯಾದವರ ಲೆಕ್ಕ ಬರುವುದಿಲ್ಲ, ಕೂಡಿದವರ ಗದ್ದಲ ಬರುತ್ತದೆ: ಬಾಗಿಲ ಮುಂದೆ ಚಪ್ಪಲಿಗಳ ರಾಶಿ, ಒಣದ್ರಾಕ್ಷಿ ಶರಬತ್ತಿನ ಲೋಟಗಳು, ಮಾನ್ವಿಯವರೂ ದೇವದುರ್ಗದವರೂ ಯಾರ ಊರಿನ ರಸ್ತೆ ಹೆಚ್ಚು ಕೆಟ್ಟದ್ದೆಂದು ವಾದಿಸುವುದು.

ಮೂರನೆಯ ತಿಂಗಳ ಗುರುವಾರಕ್ಕೆ ಮುಂಬಯಿಯ ಹಿರಿಯರು ಬಂದರು. ಬೆಳಗಿನ ಮೇಲ್ ಗಾಡಿಗೆ ಇಳಿದರು. ಬಿಳಿ ಗಡ್ಡ, ಕಪ್ಪು ಟೋಪಿ, ಕೂಲಿಯ ತಲೆಯ ಮೇಲೆ ಒಂದು ಉದ್ದನೆಯ ಮರದ ಪೆಟ್ಟಿಗೆ. ಪೆಟ್ಟಿಗೆ ಯಾತಕ್ಕೆಂದು ಕೇಳುವ ಅಗತ್ಯವೇ ಇರಲಿಲ್ಲ. ಸಾಯಂಕಾಲದ ಗಾಡಿಗೆ ವಾಪಸು ಹೊರಡುವವರಿದ್ದರು.

ಮನೆಯೊಳಗೆ ಬಂದವರೇ “ಸೆಕ್ರೆಟರಿ ಸಾಹೇಬ್ರು ಎಲ್ಲಿ?” ಎಂದು ಕೇಳಿದರು. ನಾನು ಕಾಗದಗಳಿಗೆಲ್ಲ ಇನಿಶಿಯಲ್ ಮಾತ್ರ ಹಾಕುತ್ತಿದ್ದೆ. ಬಾಬಾ ಪರದೆಯ ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದ ನನ್ನ ಕಡೆ ಕೈ ತೋರಿಸಿದರು. ಹಿರಿಯರು ಪರದೆಯನ್ನು ನೋಡಿ, ನನ್ನ ಕೈಯ ಚಹಾ ನೋಡಿ, “ಕಾಗದ ನೋಡಿ ಯಾರೋ ವಕೀಲರು ಅಂದ್ಕೊಂಡಿದ್ದೆ” ಎಂದರು.

ಹತ್ತು ಗಂಟೆಗೆ ಏಳು ಮಂದಿ. ದೇವದುರ್ಗದ ಬಸ್ಸು ಬಂದಿರಲಿಲ್ಲ. ಹಿರಿಯರನ್ನು ಸೇರಿಸಿಕೊಂಡರೂ ಎಂಟು. ಹತ್ತೂವರೆಗೂ ಬರಲಿಲ್ಲ. ಬೆಳಗಿನ ಓದು ಹೊತ್ತು ನೆತ್ತಿಗೆ ಬರುವ ಮೊದಲು ಮುಗಿಯಬೇಕು. ಹಿರಿಯರು ಒಮ್ಮೆ ಜೇಬಿನ ಗಡಿಯಾರ ತೆಗೆದು ನೋಡಿ ಮತ್ತೆ ಒಳಗಿಟ್ಟರು. ಹನ್ನೊಂದಾಯಿತು. ಮಾನ್ವಿಯ ಅಬಕಾರಿಯವರು ರಸ್ತೆಯ ತುದಿಯವರೆಗೆ ಹೋಗಿ ನೋಡಿ ಬಂದು ತಲೆಯಾಡಿಸಿದರು. ಬಾಬಾ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದರು. ನಾನು ಹತ್ತು ಶಬ್ದಗಳಲ್ಲಿ ಎಂಟನ್ನು ಹೇಳಿ, ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳುತ್ತಿದ್ದೆ.

ಹನ್ನೊಂದೂವರೆ ದಾಟಿದ ಮೇಲೆ ಹೊರಗೆ ಬಸ್ಸಿನ ಕೆಮ್ಮು ಕೇಳಿಸಿತು. ಡ್ರೈವರ್ ಸ್ಟ್ಯಾಂಡಿಗೂ ಹೋಗದೆ ನಮ್ಮ ಓಣಿಯ ಬಾಯಿಗೇ ತಂದು ನಿಲ್ಲಿಸಿದ್ದರು. ಇಳಿದ ಮೂವರೂ ಕಪ್ಪಗಿದ್ದರು: ಮುಖ, ತೋಳು, ಬಿಳಿ ಅಂಗಿ ಎಲ್ಲ. ಗಬ್ಬೂರಿನ ಹತ್ತಿರ ಒಲೆ ಆರಿತ್ತಂತೆ. ಸರದಿಯ ಮೇಲೆ ಗಾಳಿಯ ಚಕ್ರ ತಿರುಗಿಸಿ ಬೆಂಕಿ ಎಬ್ಬಿಸಿದವರು ಇವರೇ.

“ಬೇಟಿ, ಇವರನ್ನ ಬಿಟ್ಟು ಬರಬ್ಯಾಡ ಅಂದಿದ್ದಿ,” ಡ್ರೈವರ್ ಕಿಟಕಿಯಿಂದ ಕೂಗಿದರು. “ಇವರ ಬಸ್ ತಂದಾರ, ನಾ ಬರೇ ಕೂತು ಬಂದೀನಿ.”

ಬಾವಿಕಟ್ಟೆಯಲ್ಲಿ ಕೈ ತೊಳೆದುಕೊಂಡರು, ಮುಖಕ್ಕೆ ಸಮಯವಿರಲಿಲ್ಲ. ಕಾಂಪೌಂಡರ್ ಒಳಗೆ ಬಂದು ಹಿರಿಯರ ಕೈ ಮುಟ್ಟಿ ತುಟಿಗೆ ಒತ್ತಿಕೊಂಡರು, ನಮ್ಮ ಪದ್ಧತಿಯಂತೆ. ಹಿರಿಯರೂ ಹಾಗೇ ಮಾಡಿದರು. ಅವರ ಬಿಳಿ ಮೀಸೆಯ ತುದಿಗೆ ಮಸಿ ಹತ್ತಿತು. ಯಾರೂ ಹೇಳಲಿಲ್ಲ.

ಬಾಬಾ ಸುರುಳಿ ಇಳಿಸಿ ಪಟ್ಟಿ ಬಿಚ್ಚಿದರು. ಅದು ಪಾಠದ ಮೇಲೆಯೇ ತೆರೆದುಕೊಂಡಿತು. ಸರದಿಯಂತೆ ಮೂವರನ್ನು ಕರೆದರು, ಮೂವರೂ ಆಶೀರ್ವಾದ ಹೇಳಿದರು, ಬಾಬಾ ಬೆಳ್ಳಿಯ ಕಡ್ಡಿಯಿಂದ ಸಾಲು ಮುಟ್ಟುತ್ತ ಓದಿದರು. ಗಡಿಯಾರ ಹನ್ನೆರಡು ಹೊಡೆಯುವಾಗ ಕೊನೆಯ ಆಮೆನ್ ಆಗಿಹೋಗಿತ್ತು.

ಗಾರ್ಡ್ ತಮ್ಮ ಗಾಡಿಗೆ ಹೊರಟರು. ಬಾಬಾ ಮಖಮಲ್ಲಿನ ಹೊದಿಕೆಯನ್ನು ಕೈಗೆತ್ತಿಕೊಂಡು, ಮತ್ತೆ ಬದಿಗಿಟ್ಟರು. ಸುರುಳಿಯನ್ನು ಎರಡೂ ತೋಳಿನಲ್ಲಿ ಎತ್ತಿ ಹಿರಿಯರ ಮುಂದೆ ನಿಂತರು.

“ಓದಿದ್ದು ನೋಡಿದ್ರಿ. ಬಸ್ಸು ತಡಾ ಆಗಿದ್ದೂ ನೋಡಿದ್ರಿ. ನಾವು ಇಷ್ಟ ಇದ್ದೀವಿ, ಶನಿವಾರ ನಮ್ಮ ಕೈಲೆ ಆಗಂಗಿಲ್ಲ. ಇನ್ನ ನಿಮಗ ಬಿಟ್ಟದ್ದು.”

ಹಿರಿಯರು ಕೈ ಚಾಚಲಿಲ್ಲ. “ಮುಂದಿನ ಓದು ಯಾವಾಗ?”

ಬಾಬಾರಿಗೆ ತಾರೀಖು ಗೊತ್ತಿರಲಿಲ್ಲ. ತಾರೀಖುಗಳೆಲ್ಲ ನನ್ನ ಹತ್ತಿರ. ಆ ಕೋಣೆಯಲ್ಲಿ ಪ್ರಾರ್ಥನೆಗೆ ಗಂಡಸರು ಕೂತಿರುವಾಗ ನಾನು ಎಂದೂ ದನಿ ಎತ್ತಿದವಳಲ್ಲ. ಪರದೆಯ ಹಿಂದಿನಿಂದಲೇ ತಾರೀಖು ಹೇಳಿದೆ, ಆ ವಾರದ ಪಾಠದ ಹೆಸರನ್ನೂ ಹೇಳಿದೆ.

“ಇಲ್ಲಿಂದ ಎಷ್ಟು ದೂರ ಅದು?” ಎಂದು ಹಿರಿಯರು ಬಾಬಾರನ್ನು ಕೇಳಿದರು.

“ಹದಿನೆಂಟು, ಇಪ್ಪತ್ತು ಅಂಕಣ.”

“ಹಂಗಾದ್ರ ಮೇಜಿನ ಮ್ಯಾಲೆ ಇಡ್ರಿ. ನನ್ನ ಗಾಡಿ ಸಂಜೀಕ ಅದ.” ಅವರು ಕೋಟಿನ ತೋಳು ಮಡಚಿಕೊಂಡು ಒಂದು ಕೋಲಿನ ಹಿಡಿಕೆ ಹಿಡಿದರು. “ನೀವು ಬಿಚ್ರಿ, ನಾ ಸುತ್ತತೀನಿ.”

ಬಾಬಾ ಸುರುಳಿಯನ್ನು ಮೇಜಿಗಿಳಿಸಿ ಕನ್ನಡಕ ಸರಿಮಾಡಿಕೊಂಡರು, ಬಿಚ್ಚತೊಡಗಿದರು.